ಒಂದು ಸಾಲಿನ ನಿಯಮ, ಮೂರು ಸಲ ಕಟ್ಟಿದ ಕಾರು

ಮಕ್ಕಳ ರೋಬೋಟ್ ಸ್ಪರ್ಧೆಯಾದ ವರ್ಲ್ಡ್ ರೋಬೋಟ್ ಒಲಿಂಪಿಯಾಡ್‌ನಲ್ಲಿ ಫ್ಯೂಚರ್ ಎಂಜಿನಿಯರ್ಸ್ ಅಂತ ಒಂದು ವಿಭಾಗ ಇದೆ. ಮಕ್ಕಳು ತಾನೇ ಓಡುವ ಒಂದು ಪುಟ್ಟ ಕಾರು ಕಟ್ಟಬೇಕು. 3 ಮೀಟರ್ ಚೌಕದ ಅಂಗಣ, ಸುತ್ತ 10 ಸೆಂ.ಮೀ. ಎತ್ತರದ ಕಪ್ಪು ಗೋಡೆ. 3 ನಿಮಿಷದಲ್ಲಿ 3 ಸುತ್ತು. ಮೊದಲ ಪಂದ್ಯದಲ್ಲಿ ದಾರಿಯ ಅಗಲ ಒಂದು ಕಡೆ 100 ಸೆಂ.ಮೀ. ಇದ್ದರೆ ಇನ್ನೊಂದು ಕಡೆ 60 ಇರಬಹುದು, ಅದು ಅಲ್ಲೇ ಚೀಟಿ ಎತ್ತಿದ ಹಾಗೆ ನಿರ್ಧಾರ ಆಗುತ್ತದೆ. ಎರಡನೇ ಪಂದ್ಯದಲ್ಲಿ ಕೆಂಪು, ಹಸಿರು ಕಂಬಗಳು ಬರುತ್ತವೆ. ಕೆಂಪಾದರೆ ಬಲಕ್ಕೆ, ಹಸಿರಾದರೆ ಎಡಕ್ಕೆ ಹೋಗಬೇಕು, ಕೊನೆಗೆ ಪಾರ್ಕಿಂಗ್ ಮಾಡಬೇಕು. ರಿಮೋಟ್ ಇಲ್ಲ, ವೈಫೈ ಇಲ್ಲ.

ನಮ್ಮ ತಂಡದಲ್ಲಿ ಮೂರು ಮಕ್ಕಳು. ನನ್ನ ಅಕ್ಕನ ಮಗ ಪಿಯುಸಿ, ಪ್ರೋಗ್ರಾಂ ಅವನದು. ಪಕ್ಕದ ಮನೆಯ ಹುಡುಗಿ ಎಸ್ಸೆಸ್ಸೆಲ್ಸಿ, ಅಳತೆ ಮತ್ತು ನಿಯಮದ ಪುಸ್ತಕ ಅವಳದು. ತಂಡದಲ್ಲಿ ಚಿಕ್ಕವನು ಅವಳ ಚಿಕ್ಕಪ್ಪನ ಮಗ, ಅವನು ಸ್ಕ್ರೂ, ಸೋಲ್ಡರ್, ವೈರಿಂಗ್ ನೋಡಿಕೊಂಡ. ಜಾಗ ತುಮಕೂರಿನ ನಮ್ಮ ಮನೆಯ ಮಹಡಿ. ಕೋಚ್ ನಾನು. ಕಾರನ್ನು ಮೂರು ಸಲ ಕಟ್ಟಬೇಕಾಯಿತು. ಅದರಲ್ಲಿ ಒಂದು ಸಲ ಪೂರ್ತಿ ನನ್ನ ತಪ್ಪಿನಿಂದ. ನಿಯಮದಲ್ಲಿ ಒಂದು ಸಾಲು ಎರಡು ಥರ ಓದಿಸಿಕೊಂಡಿತು, ನಾನು ನಮಗೆ ಅನುಕೂಲವಾದ ಥರ ಓದಿದೆ. ಮುಂದಿನ ವರ್ಷ ಇಳಿಯುವವರಿಗೆ ಉಪಯೋಗ ಆಗಲಿ ಅಂತ ನಮ್ಮ ನೋಟ್‌ಬುಕ್ಕಿನಿಂದ ದಿನಾಂಕ ಸಮೇತ ಬರೆಯುತ್ತಿದ್ದೇನೆ.

ಮೇ 11, ಭಾನುವಾರ: ಅಂಗಣ

ನೆಲದ ಚಿತ್ರವನ್ನು ಫ್ಲೆಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆವು. ಹುಟ್ಟುಹಬ್ಬದ ಬ್ಯಾನರ್ ಹಾಕುವ ಅದೇ ಮೆಷಿನ್. ಸುಮಾರು 110 ಚದರ ಅಡಿ, ಅಡಿಗೆ ₹15, ಒಟ್ಟು ₹1,650. ಗೋಡೆಗೆ ಪ್ಲೈವುಡ್ ಪಟ್ಟಿ ಮತ್ತು ಕಪ್ಪು ಬಣ್ಣ ₹1,100. ಕಂಬಗಳಿಗೆ ಬಡಗಿ ಹತ್ತಿರ ಉಳಿದ ಮರದ ತುಂಡು ಕೇಳಿ 5 ಸೆಂ.ಮೀ. ದಪ್ಪ, 10 ಸೆಂ.ಮೀ. ಎತ್ತರಕ್ಕೆ ಕೊಯ್ಸಿಕೊಂಡೆವು, ಅವರು ದುಡ್ಡು ತಗೊಳ್ಳಲಿಲ್ಲ.

ಇಲ್ಲೇ ಒಂದು ಎಚ್ಚರಿಕೆ. ಫ್ಲೆಕ್ಸ್ ಹೊಳೆಯುತ್ತದೆ. ಟ್ಯೂಬ್‌ಲೈಟ್ ಬೆಳಕು ಬಿದ್ದ ಕಡೆ ನೆಲದ ಮೂಲೆಯ ಕಿತ್ತಳೆ ಗೆರೆ ಕ್ಯಾಮೆರಾಗೆ ಬಿಳಿಯಾಗಿ ಕಾಣುತ್ತಿತ್ತು. ಮ್ಯಾಟ್ ಫಿನಿಶ್ ಅಂತ ಮೊದಲೇ ಹೇಳಬೇಕಿತ್ತು.

ಅವತ್ತೇ ನಿಯಮದ ಪುಸ್ತಕವನ್ನೂ ಪ್ರಿಂಟ್ ತೆಗೆದೆವು. ಹುಡುಗಿ ಮೂರು ಬಣ್ಣದ ಪೆನ್ನು ತಂದಿದ್ದಳು. 'ಮಾಡಲೇಬೇಕು' ಅನ್ನುವುದಕ್ಕೆ ನೀಲಿ, 'ಮಾಡುವಂತಿಲ್ಲ' ಅನ್ನುವುದಕ್ಕೆ ಕೆಂಪು, ಅರ್ಥ ಆಗದ್ದಕ್ಕೆ ಹಸಿರು. ಸಂಜೆ ಹೊತ್ತಿಗೆ ಹಸಿರು ಗೆರೆ 9 ಬಿದ್ದಿತ್ತು. ಆ ಪಟ್ಟಿಯನ್ನು ನಾನು ಸರಿಯಾಗಿ ನೋಡಲಿಲ್ಲ. ಕಾರು ಬೇಗ ಓಡಿಸಬೇಕು ಅನ್ನೋ ಆತುರ ನನಗೆ.

ಮೇ 25: ಮೊದಲ ಕಾರು

3 ಮಿ.ಮೀ. ಅಕ್ರಿಲಿಕ್ ಹಾಳೆ, ಲೇಸರ್ ಕಟಿಂಗ್ ಸೇರಿ ₹450. ಎನ್‌20 ಮೋಟಾರ್ ಎನ್‌ಕೋಡರ್ (ಎಷ್ಟು ತಿರುಗಿತು ಅಂತ ಎಣಿಸುವ ಸೆನ್ಸರ್) ಸಮೇತ ಎರಡು, ₹1,300. ಮೋಟಾರ್ ಡ್ರೈವರ್ (ಮೋಟಾರಿಗೆ ಕರೆಂಟ್ ಕೊಡುವ ಬೋರ್ಡ್) ₹220, ಸ್ಟಿಯರಿಂಗ್‌ಗೆ ಲೋಹದ ಗಿಯರ್ ಇರುವ ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರ್) ₹280. ರಾಸ್ಪ್‌ಬೆರಿ ಪೈ (ಅಂಗೈ ಅಗಲದ ಕಂಪ್ಯೂಟರ್ ಬೋರ್ಡ್) ಮತ್ತು ಕ್ಯಾಮೆರಾ ಹಳೇವು ಮನೆಯಲ್ಲೇ ಇದ್ದವು. ಉಳಿದದ್ದಕ್ಕೆ ಒಂದು ದಿನ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಬಂದೆವು.

ಹಿಂದಿನ ಎರಡು ಚಕ್ರಕ್ಕೆ ಒಂದೊಂದು ಮೋಟಾರ್. ಮುಂದಿನ ಚಕ್ರ ಸರ್ವೋದಿಂದ ತಿರುಗುತ್ತದೆ. ಎರಡೂ ಮೋಟಾರನ್ನು ಡ್ರೈವರ್‌ನ ಒಂದೇ ಚಾನೆಲ್‌ಗೆ ಹಾಕಿದ್ದೆವು, ಹಾಗಾಗಿ ಎರಡಕ್ಕೂ ಹೋಗುವುದು ಒಂದೇ ಸಿಗ್ನಲ್. ಅವತ್ತು ರಾತ್ರಿಯೇ ಓಡಿತು. ಕಾರಿನ ಮಧ್ಯದಿಂದ ಅಳೆದರೆ ತಿರುವಿನ ತ್ರಿಜ್ಯ 38 ಸೆಂ.ಮೀ. ಮಕ್ಕಳ ಮುಖ ನೋಡಬೇಕಿತ್ತು.

ಜೂನ್ 1ರಿಂದ 15: ಆ ಒಂದು ಸಾಲು

ಜೂನ್ ಮೊದಲ ಭಾನುವಾರ ಹುಡುಗಿ ಪುಸ್ತಕ ಹಿಡಿದುಕೊಂಡು ಬಂದಳು. "ಅಂಕಲ್, ಇದನ್ನ ಒಂದ್ಸಲ ಓದಿ."

ಸಾಲಿನ ಸಾರ ಹೀಗಿತ್ತು: ಓಡಿಸುವ ಮೋಟಾರ್ ಎರಡರವರೆಗೆ ಇರಬಹುದು. ಅವು ಚಕ್ರ ತಿರುಗಿಸುವ ಆ್ಯಕ್ಸಲ್ ಅನ್ನುವ ದಂಡಕ್ಕೆ ನೇರವಾಗಿ ಅಥವಾ ಗಿಯರ್ ಮೂಲಕ ಸೇರಿರಬೇಕು. ಎರಡು ಮೋಟಾರನ್ನು ಚಕ್ರಗಳಿಗೆ 'ಇಂಡಿಪೆಂಡೆಂಟ್' ಆಗಿ, ಅಂದರೆ ಒಂದಕ್ಕೊಂದು ಸಂಬಂಧ ಇಲ್ಲದೆ, ಜೋಡಿಸುವಂತಿಲ್ಲ.

ನಾನು ಹೇಳಿದೆ, "ನಮ್ಮದು ಇಂಡಿಪೆಂಡೆಂಟ್ ಅಲ್ಲವಲ್ಲ. ಒಂದೇ ಸಿಗ್ನಲ್ ಹೋಗುತ್ತೆ. ಒಂದು ಚಕ್ರ ಬೇರೆ ವೇಗದಲ್ಲಿ ತಿರುಗಿಸೋಕೆ ಪ್ರೋಗ್ರಾಂನಲ್ಲಿ ದಾರಿನೇ ಇಲ್ಲ."

ಅವಳು ಬಿಡಲಿಲ್ಲ. "ಸಿಗ್ನಲ್ ಅಂತ ಇಲ್ಲಿ ಎಲ್ಲೂ ಇಲ್ಲ ಅಂಕಲ್. ಜೋಡಿಸೋದು ಅಂತ ಇದೆ. ಆ್ಯಕ್ಸಲ್ ಅಂತ ಇದೆ. ನಮ್ಮ ಕಾರಲ್ಲಿ ಆ್ಯಕ್ಸಲ್ ಎಲ್ಲಿದೆ?"

ಅವಳ ಮಾತು ನಿಜ. ಕಾರು ತಿರುಗಿಸಿ ನೋಡಿದರೆ ಎರಡು ಮೋಟಾರಿನ ಮಧ್ಯೆ ಖಾಲಿ ಜಾಗ, ಅಲ್ಲಿ ಬ್ಯಾಟರಿ ಕಟ್ಟಿದ್ದೆವು. ಆ್ಯಕ್ಸಲ್ ಅನ್ನುವ ವಸ್ತುವೇ ಇರಲಿಲ್ಲ. ಆದರೂ ನಾನು ಎರಡು ವಾರ ವಾದ ಮಾಡಿದೆ. ನಿಯಮದ ಉದ್ದೇಶ ಏನು, ಯುದ್ಧದ ಟ್ಯಾಂಕ್ ಥರ ಎಡಬಲ ಚಕ್ರ ಬೇರೆ ಬೇರೆ ವೇಗದಲ್ಲಿ ಓಡಿಸಿ ತಿರುಗುವುದನ್ನು ತಡೆಯೋದು ತಾನೇ, ನಾವು ಹಾಗೆ ತಿರುಗುವುದಿಲ್ಲವಲ್ಲ, ಹಾಗಾದರೆ ನಮ್ಮದು ಸರಿ, ಅಂತ. ಉದ್ದೇಶದ ಬಗ್ಗೆ ನಾನು ಹೇಳಿದ್ದು ಸರಿ ಇರಬಹುದು. ಆದರೆ ತೀರ್ಪುಗಾರರ ಕೈಯಲ್ಲಿ ಇರುವುದು ಉದ್ದೇಶ ಅಲ್ಲ, ಬರೆದ ಸಾಲು. ಅವರು ಕಾರು ಮಗುಚಿ ನೋಡುತ್ತಾರೆ. ವೈರ್ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಹುಡುಕುತ್ತಾ ಕೂರುವಷ್ಟು ಸಮಯ ಯಾರಿಗಿದೆ?

ಈ ಒಲಿಂಪಿಯಾಡ್‌ನ ನಿಯಮಗಳಲ್ಲಿ ಇನ್ನೊಂದು ಮಾತು ಬರುತ್ತದೆ. ಓಟದಲ್ಲಿ ಅನುಮಾನ ಬಂದರೆ ತೀರ್ಮಾನ ತೀರ್ಪುಗಾರರದು, ಮತ್ತು ಅವರು ತಂಡಕ್ಕೆ ಕಡಿಮೆ ಅಂಕ ಬರುವ ಕಡೆಗೇ ವಾಲುತ್ತಾರೆ. ಅದು ಅಂಕದ ಬಗ್ಗೆ ಹೇಳಿದ ಮಾತು. ಆದರೆ ಹುಡುಗಿ ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದಪ್ಪಗೆ ಬರೆದು ಕೆಳಗೆ ಇನ್ನೊಂದು ಸಾಲು ಸೇರಿಸಿದಳು: "ಹಸಿರು ಗೆರೆ ಇರೋ ಕಡೆಯೆಲ್ಲ ಕೆಟ್ಟ ಅರ್ಥ ಹಿಡಿದು ಕಟ್ಟಬೇಕು." ಆಮೇಲೆ ನಾವು ಮಾಡಿದ ಎಲ್ಲ ಕೆಲಸಕ್ಕೂ ಇದೇ ಅಳತೆಗೋಲು.

ಸಂಘಟಕರಿಗೆ ಮೇಲ್ ಕೂಡ ಹಾಕಿದೆವು. ಮೊದಲ ಮೇಲ್ ನಾನೇ ಬರೆದದ್ದು. ಒಂದೂವರೆ ಪುಟ, ಐದು ಪ್ರಶ್ನೆ, ನಮ್ಮ ವಾದ ಎಲ್ಲ ಸೇರಿಸಿ. ಅದರಿಂದ ಕೆಲಸಕ್ಕೆ ಬರುವ ಉತ್ತರ ಸಿಗಲಿಲ್ಲ, ಸಿಗುವ ಹಾಗೆ ನಾನು ಕೇಳಿರಲೂ ಇಲ್ಲ. ಎರಡನೆಯದನ್ನು ಹುಡುಗಿ ಬರೆದಳು: ನಿಯಮದ ಸಂಖ್ಯೆ, ಕಾರಿನ ತಳದ ಒಂದು ಫೋಟೋ, ಹೌದು ಅಥವಾ ಇಲ್ಲ ಅನ್ನಬಹುದಾದ ಒಂದೇ ಪ್ರಶ್ನೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಪ್ರಶ್ನೋತ್ತರದ ಪುಟವೂ ಇದೆ, ಅಲ್ಲಿ ಬಂದ ಉತ್ತರ ನಿಯಮದ ಭಾಗವೇ ಆಗುತ್ತದೆ. ಅದನ್ನು ವಾರಕ್ಕೊಮ್ಮೆ ನೋಡುವ ಕೆಲಸ ಚಿಕ್ಕವನಿಗೆ ಕೊಟ್ಟೆವು. ದೇಶದೊಳಗಿನ ಸುತ್ತಿನಲ್ಲಿ ನಿಯಮ ಸ್ವಲ್ಪ ಬದಲಾಗಿರಬಹುದು, ಅದನ್ನೂ ಬೇರೆಯಾಗಿ ಕೇಳಿಕೊಳ್ಳಬೇಕು. ಆದರೆ ಉತ್ತರ ಬರುವವರೆಗೆ ಕೈ ಕಟ್ಟಿ ಕೂರಲಿಲ್ಲ. ಎರಡು ಮೋಟಾರ್ ಬಿಚ್ಚಿದೆವು.

ಜೂನ್ 22: ಎರಡನೇ ಕಾರು, ಕೆಲಸ ಮಾಡಲಿಲ್ಲ

ಒಂದೇ ಮೋಟಾರ್, 25 ಮಿ.ಮೀ. ಗಿಯರ್ ಮೋಟಾರ್, ₹850. ಉಕ್ಕಿನ ಒಂದು ಸರಳು ಎರಡೂ ಚಕ್ರಕ್ಕೆ, ಬೇರಿಂಗ್ ಸೇರಿ ₹380. ಈಗ ಯಾರೂ ಕೇಳುವ ಹಾಗಿಲ್ಲ, ಆ್ಯಕ್ಸಲ್ ಕಣ್ಣಿಗೆ ಕಾಣುತ್ತದೆ.

ಆದರೆ ಕಾರು ತಿರುಗಲಿಲ್ಲ. ಸ್ಟಿಯರಿಂಗ್ ಪೂರ್ತಿ ಹೊಡೆದರೂ ಮೂತಿ ನೇರಕ್ಕೇ ಎಳೆಯುತ್ತಿತ್ತು. ತ್ರಿಜ್ಯ 38ರಿಂದ 53 ಸೆಂ.ಮೀ.ಗೆ ಹೋಯಿತು. 60 ಸೆಂ.ಮೀ. ದಾರಿಯಲ್ಲಿ ಹತ್ತು ಸಲ ಬಿಟ್ಟರೆ ಏಳು ಸಲ ಹೊರಗೋಡೆಗೆ ಬಡಿಯಿತು.

ಕಾರಣ ಗೊತ್ತಾಗಲು ಸುಣ್ಣದ ಪುಡಿ ಬೇಕಾಯಿತು. ಚಿಕ್ಕವನು ಚಕ್ರಕ್ಕೆ ಪುಡಿ ಮೆತ್ತಿ ಕಾರನ್ನು ಕಪ್ಪು ಹಾಳೆ ಮೇಲೆ ಬಿಟ್ಟ. ಹೊರಚಕ್ರದ ಗುರುತು ಸಪೂರ ಗೆರೆ. ಒಳಚಕ್ರದ ಗುರುತು ಅಗಲವಾಗಿ, ಉಜ್ಜಿ ಎಳೆದ ಹಾಗೆ. ನಮ್ಮ ಹಿಂದಿನ ಚಕ್ರಗಳ ನಡುವಿನ ಅಂತರ 13 ಸೆಂ.ಮೀ. ಲೆಕ್ಕ ಹಾಕಿದರೆ 90 ಡಿಗ್ರಿಯ ಒಂದು ತಿರುವಿನಲ್ಲಿ ಹೊರಚಕ್ರ ಒಳಚಕ್ರಕ್ಕಿಂತ 20 ಸೆಂ.ಮೀ. ಜಾಸ್ತಿ ಓಡಬೇಕು. ಮೂರು ಸುತ್ತಿಗೆ 12 ತಿರುವು. ಒಂದೇ ಸರಳಿಗೆ ಗಟ್ಟಿಯಾಗಿ ಕೂತ ಎರಡು ಚಕ್ರ ಇದನ್ನು ಜಾರಿಕೊಂಡೇ ಮಾಡಬೇಕು, ಬೇರೆ ದಾರಿ ಇಲ್ಲ.

ಮೊದಲ ಕಾರು ಚೆನ್ನಾಗಿ ತಿರುಗುತ್ತಿದ್ದದ್ದೂ ಇದಕ್ಕೇ. ಸಿಗ್ನಲ್ ಒಂದೇ ಆದರೂ ಭಾರ ಬಿದ್ದ ಮೋಟಾರ್ ನಿಧಾನ ಆಗುತ್ತಿತ್ತು, ಹಗುರ ಇದ್ದದ್ದು ಜೋರಾಗಿ ಹೋಗುತ್ತಿತ್ತು. ಅಂದರೆ ಚಕ್ರಗಳು ನಿಜವಾಗಿಯೂ ಬೇರೆ ಬೇರೆ ವೇಗದಲ್ಲೇ ತಿರುಗುತ್ತಿದ್ದವು. ಇಂಡಿಪೆಂಡೆಂಟ್ ಅಲ್ಲ ಅಂತ ನಾನು ಎರಡು ವಾರ ಹೇಳಿದ್ದು ತಪ್ಪು ಅಂತ ಅವತ್ತು ಸುಣ್ಣದ ಗೆರೆ ನೋಡಿದ ಮೇಲೆ ಒಪ್ಪಿಕೊಂಡೆ. ಹುಡುಗಿಗೆ ಹೇಳಿಯೂ ಹೇಳಿದೆ.

ಜುಲೈ 6: ಡಿಫರೆನ್ಷಿಯಲ್

ಆಟಿಕೆ ಆರ್‌ಸಿ ಕಾರುಗಳ ಬಿಡಿಭಾಗದಲ್ಲಿ 1:18 ಅಳತೆಯ ಡಿಫರೆನ್ಷಿಯಲ್ ಸೆಟ್ (ಒಂದೇ ಮೋಟಾರಿನಿಂದ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗಿಯರ್) ಸಿಕ್ಕಿತು, ₹420. ಮೋಟಾರ್ ದಂಡ 4 ಮಿ.ಮೀ., ಡಿಫರೆನ್ಷಿಯಲ್‌ಗೆ ಹೋಗುವ ದಂಡ 3 ಮಿ.ಮೀ. ಎರಡನ್ನೂ ಸೇರಿಸುವುದೇ ಕಷ್ಟದ ಕೆಲಸ ಆಯಿತು.

ಮೊದಲ ಪ್ರಯತ್ನ: ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಮೂರು ಪದರ. ಎರಡು ಸುತ್ತಿಗೆ ಜಾರಿತು.

ಎರಡನೇದು: ಬಾಲ್‌ಪೆನ್ನಿನ ಲೋಹದ ತುದಿ ಕತ್ತರಿಸಿ ಅಂಟು ಹಾಕಿದ್ದು. ಗೋಡೆಗೆ ಬಡಿದ ಮೊದಲ ಏಟಿಗೇ ಬಿಟ್ಟುಕೊಂಡಿತು.

ಮೂರನೇದಕ್ಕೆ ಲೇತ್ ಅಂಗಡಿಗೆ ಹೋದೆವು. "ಅಣ್ಣಾ, ಇಷ್ಟು ಚಿಕ್ಕದು ಮಾಡಿಕೊಡ್ತೀರಾ?" ಅಂತ ಚಿಕ್ಕವನು ಎರಡೂ ದಂಡ ಅಂಗೈಯಲ್ಲಿಟ್ಟು ತೋರಿಸಿದ. ಅವರು ವರ್ನಿಯರ್ ತೆಗೆದು ಎರಡೂ ಅಳೆದು, ನಮ್ಮ 3 ಮಿ.ಮೀ. ದಂಡ ನಿಜಕ್ಕೂ 2.9 ಇದೆ ಅಂತ ಹೇಳಿದರು. ಹಿತ್ತಾಳೆಯಲ್ಲಿ 14 ಮಿ.ಮೀ. ಉದ್ದದ ಕಪ್ಲಿಂಗ್ ತಿರುವಿ, ಎರಡು ಕಡೆ ಗ್ರಬ್ ಸ್ಕ್ರೂ (ತಲೆಯಿಲ್ಲದ ಪುಟ್ಟ ಸ್ಕ್ರೂ) ಕೂರಲು ಥ್ರೆಡ್ ಹೊಡೆದು ಕೊಟ್ಟರು. ₹150. ಸ್ಪರ್ಧೆ ಮುಗಿಯುವವರೆಗೂ ಅದು ಅಲುಗಾಡಲಿಲ್ಲ.

ತ್ರಿಜ್ಯ 36 ಸೆಂ.ಮೀ. ಮೊದಲ ಕಾರಿಗಿಂತ ಚೆನ್ನಾಗಿ ಬಂತು.

ಎರಡನೇ ಮೇಲ್‌ಗೆ ಉತ್ತರ ಬಂದದ್ದು ಇದಾದ ಮೇಲೆ. ಜೋಡಣೆ ಯಾಂತ್ರಿಕವಾಗಿ ಇರಬೇಕು ಅಂತ ಒಂದೇ ಸಾಲು. ಹುಡುಗಿ ಅದನ್ನು ಪ್ರಿಂಟ್ ತೆಗೆದು ನೋಟ್‌ಬುಕ್ಕಿಗೆ ಅಂಟಿಸಿದಳು.

ಜುಲೈ 13: ಅಳತೆ ಪೆಟ್ಟಿಗೆ

ಕಾರು 300 ಮಿ.ಮೀ. ಉದ್ದ, 200 ಅಗಲ, 300 ಎತ್ತರ ಮೀರುವಂತಿಲ್ಲ, ತೂಕ ಒಂದೂವರೆ ಕೆ.ಜಿ. ಒಳಗೆ. ಇದರಲ್ಲಿ ಅರ್ಥ ಆಗದ್ದು ಏನಿದೆ ಅಂತ ನಾನು ಅಂದುಕೊಂಡಿದ್ದೆ. ಟೇಪ್ ಹಿಡಿದರೆ ಅಗಲ 194.

ಹುಡುಗಿ ಸ್ಟಿಯರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಮತ್ತೆ ಅಳೆದಳು. ಮುಂದಿನ ಟೈರಿನ ಮೂಲೆ ಹೊರಗೆ ಬಂದು 206. ಅಳತೆ ಚಕ್ರ ನೇರ ಇದ್ದಾಗಿನದಾ, ಓಡುವಾಗಿನದಾ? ಕೆಟ್ಟ ಅರ್ಥ ಹಿಡಿ, ಅಷ್ಟೇ. ಮುಂದಿನ ತೋಳನ್ನು ಎರಡೂ ಕಡೆ 12 ಮಿ.ಮೀ. ಗಿಡ್ಡ ಮಾಡಿದೆವು. ಈಗ ನೇರ ಇದ್ದಾಗ 170, ಪೂರ್ತಿ ತಿರುಗಿಸಿದಾಗ 182. ಕ್ಯಾಮೆರಾದ ಪಟ್ಟಿ ಕೇಬಲ್ ಹಿಂದೆ ಉಬ್ಬುತ್ತಿತ್ತು, ಅದನ್ನು ಮಡಚಿ ಟೈ ಹಾಕಿದೆವು.

ಟೇಪ್ ನಂಬಬೇಡಿ. ಕಾರ್ಡ್‌ಬೋರ್ಡ್‌ನಲ್ಲಿ ಒಳ ಅಳತೆ ಸರಿಯಾಗಿ 300, 200, 300 ಬರುವ ಪೆಟ್ಟಿಗೆ ಮಾಡಿ, ಕಾರಿನ ಮೇಲೆ ಬೋರಲು ಹಾಕಿ ನೋಡಿ. ನಾವು ದಿನಾ ಕೆಲಸ ಮುಗಿಸುವಾಗ ಹಾಕುತ್ತಿದ್ದೆವು. ಒಂದು ದಿನ ಹೊಸ ಬ್ಯಾಟರಿ ಹೋಲ್ಡರ್ ಹಾಕಿದ ಮೇಲೆ ಪೆಟ್ಟಿಗೆ ಸಿಕ್ಕಿಕೊಂಡಿತು, ಸುಮ್ನೆ ಟೇಪ್ ಮಾತ್ರ ಹಿಡಿದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಜುಲೈ 20: ಬಂಪರ್ ಆಸೆ

ಪಾರ್ಕಿಂಗ್ ಜಾಗದ ಉದ್ದ ಕಾರಿನ ಉದ್ದದ ಒಂದೂವರೆ ಪಟ್ಟು, ಅಗಲ 20 ಸೆಂ.ಮೀ. ನಮ್ಮ ಕಾರು 24 ಸೆಂ.ಮೀ., ಜಾಗ 36. ಅಕ್ಕನ ಮಗ ಕೇಳಿದ, "ಮಾವ, ಮುಂದೆ 4 ಸೆಂ.ಮೀ. ಬಂಪರ್ ಹಾಕಿದರೆ ಜಾಗ 42 ಆಗುತ್ತಲ್ವಾ?"

ನಿಯಮದಲ್ಲಿ ಬೇಡ ಅಂತ ಎಲ್ಲೂ ಇಲ್ಲ. ಫೋಮ್ ಶೀಟಿನಲ್ಲಿ ಬಂಪರ್ ಮಾಡಿ ಒಂದು ಸಂಜೆ ಪೂರ್ತಿ ಪ್ರಯೋಗ ಮಾಡಿದೆವು. 2 ಸೆಂ.ಮೀ. ಬಿಡುವು ಜಾಸ್ತಿ ಸಿಕ್ಕಿತು ನಿಜ. ಆದರೆ ಮೂತಿ ಉದ್ದ ಆದ ಕಾರಣ ಒಳಗೆ ನುಗ್ಗುವಾಗ ಬಂಪರಿನ ಮೂಲೆ ಪಾರ್ಕಿಂಗ್ ಜಾಗದ ಮೆಜೆಂಟಾ ಬಣ್ಣದ ಗೋಡೆಗೆ ತಗುಲುತ್ತಿತ್ತು. ಬಂಪರ್ ಇಲ್ಲದೆ ಹತ್ತರಲ್ಲಿ ಆರು ಸಲ ಸರಿ ಹೋಗುತ್ತಿದ್ದದ್ದು, ಬಂಪರ್ ಹಾಕಿದ ಮೇಲೆ ಹತ್ತರಲ್ಲಿ ಮೂರು. ಕಿತ್ತು ಹಾಕಿದೆವು. ನಿಯಮ ಬಿಟ್ಟುಕೊಟ್ಟ ಜಾಗ ಕಂಡ ಕೂಡಲೇ ಕೈ ಹಾಕಬೇಕು ಅಂತ ಅನಿಸುತ್ತದೆ, ಅಂಥ ಕಡೆಯೂ ಹತ್ತು ಸಲ ಓಡಿಸಿ ಲೆಕ್ಕ ಬರೆದೇ ತೀರ್ಮಾನ ಮಾಡಿ.

ಜುಲೈ 27: ಗೈರೋ

ಹಸಿರು ಗೆರೆಗಳಲ್ಲಿ ನನಗೆ ಜಾಸ್ತಿ ತಲೆನೋವು ಕೊಟ್ಟದ್ದು ಇದು. ಪಂದ್ಯದ ಸಮಯದಲ್ಲಿ ಸೆನ್ಸರ್ ಕ್ಯಾಲಿಬ್ರೇಶನ್ (ಅಳತೆ ಸರಿಹೊಂದಿಸುವುದು) ಮಾಡುವಂತಿಲ್ಲ, ಕಾರಿನ ಭಾಗಗಳ ದಿಕ್ಕು ಬದಲಿಸಿ ಪ್ರೋಗ್ರಾಂಗೆ ಮಾಹಿತಿ ಕೊಡುವಂತಿಲ್ಲ. ಸರಿ. ಆದರೆ ಕಾರು ಎಷ್ಟು ತಿರುಗಿತು ಅಂತ ಅಳೆಯುವ ನಮ್ಮ ₹150ರ ಗೈರೋ ಚಿಪ್ ಆನ್ ಆದ ಕೂಡಲೇ ಎರಡು ಸೆಕೆಂಡ್ ಅಲುಗಾಡದೆ ಇದ್ದು ತನ್ನ ಸೊನ್ನೆ ಯಾವುದು ಅಂತ ನೋಡಿಕೊಳ್ಳುವ ಹಾಗೆ ನಾವು ಬರೆದಿದ್ದೆವು. ಇದು ಕ್ಯಾಲಿಬ್ರೇಶನ್ನಾ? ನಾವು ಏನೂ ಮುಟ್ಟುವುದಿಲ್ಲ, ಪ್ರೋಗ್ರಾಂ ತಾನೇ ಮಾಡಿಕೊಳ್ಳುತ್ತದೆ. ಹೌದು ಅಂದರೂ ಸರಿ, ಅಲ್ಲ ಅಂದರೂ ಸರಿ ಅನ್ನುವ ಹಾಗಿದೆ.

ಈ ಸಲ ನಾನು ವಾದಕ್ಕೆ ಇಳಿಯಲಿಲ್ಲ. ಕ್ಯಾಲಿಬ್ರೇಶನ್ ಅಂತಲೇ ಇಟ್ಟುಕೊಂಡು ಅದಿಲ್ಲದೆ ಓಡಿಸುವುದು ಹೇಗೆ ಅಂತ ಯೋಚಿಸಿದೆವು. ಸೊನ್ನೆಯನ್ನು ಮನೆಯಲ್ಲೇ ಅಳೆದು ಫೈಲಿನಲ್ಲಿ ಉಳಿಸಿದರೆ? ಬೆಳಗ್ಗೆ ಅಳೆದದ್ದು ಮಧ್ಯಾಹ್ನದ ಬಿಸಿಗೆ ಬದಲಾಗುತ್ತದೆ. ಸೆಕೆಂಡಿಗೆ 0.1 ಡಿಗ್ರಿ ತಪ್ಪಿದರೂ 3 ನಿಮಿಷಕ್ಕೆ 18 ಡಿಗ್ರಿ. ಕಾರು ಗೋಡೆಗೆ ಹೋಗಲು ಅಷ್ಟು ಸಾಕು.

ಕೊನೆಗೆ ಹಿಡಿದ ದಾರಿ ಹೀಗೆ. ಸುತ್ತಿನ ಲೆಕ್ಕ ಗೈರೋದಿಂದ ಪೂರ್ತಿ ತೆಗೆದೆವು. ಮೂಲೆಗಳಲ್ಲಿ ಕಿತ್ತಳೆ ಮತ್ತು ನೀಲಿ ಗೆರೆ ಇವೆ, ಯಾವುದು ಮೊದಲು ಸಿಗುತ್ತದೆ ಅನ್ನುವುದರಿಂದ ಯಾವ ಕಡೆ ಸುತ್ತುತ್ತಿದ್ದೇವೆ ಅಂತ ಗೊತ್ತಾಗುತ್ತದೆ, 12 ಮೂಲೆ ಎಣಿಸಿದರೆ ಮೂರು ಸುತ್ತು. ಗೈರೋ ಬೇಕಾಗಿರುವುದು ಒಂದು ತಿರುವಿನ ಒಂದೆರಡು ಸೆಕೆಂಡಿಗೆ ಮಾತ್ರ. ನೇರ ದಾರಿಗೆ ಬಂದ ಮೇಲೆ ಪಕ್ಕದ ಗೋಡೆಯ ದೂರ ನೋಡಿ ಕಾರು ನೇರ ಆದಾಗ, ದಿಕ್ಕನ್ನು ಹತ್ತಿರದ 90 ಡಿಗ್ರಿಯ ಗುಣಿತಕ್ಕೆ (0, 90, 180, 270) ಕೂರಿಸುತ್ತೇವೆ. ಅಲ್ಲಿಯವರೆಗಿನ ತಪ್ಪು ಅಲ್ಲಿಗೇ ಮುಗಿಯಿತು. ಇದನ್ನು ಬರೆಯಲು ಅಕ್ಕನ ಮಗನಿಗೆ ಒಂಬತ್ತು ದಿನ ಹಿಡಿಯಿತು. ಹಳೇ ಪ್ರೋಗ್ರಾಂ 20 ಓಟದಲ್ಲಿ 14 ಮುಗಿಸುತ್ತಿತ್ತು, ಹೊಸದು 18.

ವೈಫೈ ಬಗ್ಗೆ ಒಂದು ಮಾತು. ರಾಸ್ಪ್‌ಬೆರಿ ಪೈನಲ್ಲಿ ಅದು ತಾನಾಗಿಯೇ ಆನ್ ಇರುತ್ತದೆ. ಕಾನ್ಫಿಗ್ ಫೈಲಿನಲ್ಲಿ ಎರಡು ಸಾಲು ಸೇರಿಸಿದರೆ ವೈಫೈ, ಬ್ಲೂಟೂತ್ ಎರಡೂ ಆಫ್. ಆ ಎರಡು ಸಾಲಿನ ಪ್ರಿಂಟ್ ತೆಗೆದು ಜೊತೆಗೆ ಇಟ್ಟುಕೊಳ್ಳಿ, ಕೇಳಿದರೆ ತೋರಿಸಬಹುದು.

ಆಗಸ್ಟ್ 3 ಮತ್ತು 10: ಮೇಷ್ಟ್ರು ತೀರ್ಪುಗಾರರಾದರು

ನಮ್ಮ ಬೀದಿಯಲ್ಲಿ ನಿವೃತ್ತ ಗಣಿತದ ಮೇಷ್ಟ್ರು ಒಬ್ಬರಿದ್ದಾರೆ. ಅವರಿಗೆ ಕಾರು, ಕೋಡ್ ಏನೂ ಹೇಳಲಿಲ್ಲ. ನಿಯಮದ ಪುಸ್ತಕ ಕೊಟ್ಟು, "ಮೇಷ್ಟ್ರೇ, ಅನುಮಾನ ಬಂದ ಕಡೆ ನಮಗೆ ಅಂಕ ಕೊಡಬೇಡಿ" ಅಂತ ಮಾತ್ರ ಹೇಳಿದೆವು. ಅವರು ಅದನ್ನು ಎರಡು ದಿನ ಓದಿಕೊಂಡು, ಉಕ್ಕಿನ ಸ್ಕೇಲ್ ಮತ್ತು ಗುಂಡು ದಾರ ಹಿಡಿದು ಬಂದರು. ಗುಂಡು ದಾರ ಯಾಕೆ ಅಂದರೆ ಕಂಬ ಅದರ ಸುತ್ತಲಿನ 85 ಮಿ.ಮೀ. ವೃತ್ತದಿಂದ ಆಚೆ ಹೋಗಿದೆಯಾ ಅಂತ ಮೇಲಿನಿಂದ ಇಳಿಬಿಟ್ಟು ನೋಡಲು. ನಮಗೆ ಅದು ಹೊಳೆದೇ ಇರಲಿಲ್ಲ, ನಾವು ಪಕ್ಕದಿಂದ ಕಣ್ಣಳತೆಯಲ್ಲಿ ನೋಡುತ್ತಿದ್ದೆವು.

ಪಾರ್ಕಿಂಗ್‌ನಲ್ಲಿ ಕಾರು ಗೋಡೆಗೆ ಸಮಾನಾಂತರ ಅನ್ನಬೇಕಾದರೆ ಮುಂದಿನ ಮತ್ತು ಹಿಂದಿನ ಚಕ್ರದ ದೂರದ ವ್ಯತ್ಯಾಸ 2 ಸೆಂ.ಮೀ. ಒಳಗೆ ಇರಬೇಕು. ನಾವು ಬಾಡಿಯಿಂದ ಅಳೆಯುತ್ತಿದ್ದೆವು. ಅವರು ಚಕ್ರದಿಂದ ಅಳೆದರು, ಪುಸ್ತಕದಲ್ಲಿ ಹಾಗೇ ಇದೆ. ಮೊದಲ ದಿನ ನಾವು ಸರಿ ಅಂದುಕೊಂಡ ಆರು ಪಾರ್ಕಿಂಗ್‌ನಲ್ಲಿ ಎರಡಕ್ಕೆ ಅಂಕ ಹೋಯಿತು. ಅಕ್ಕನ ಮಗ ಮುಖ ಸಣ್ಣ ಮಾಡಿಕೊಂಡ. ಮೇಷ್ಟ್ರು ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಯಾವ ಚಕ್ರ ಎಷ್ಟು ದೂರ ಇತ್ತು ಅಂತ ಆರೂ ಸಲದ ಲೆಕ್ಕ ಒಂದು ಕಾಗದದಲ್ಲಿ ಬರೆದು ಕೊಟ್ಟರು. ಹಿಂದಿನ ಚಕ್ರವೇ ಯಾವಾಗಲೂ ದೂರ ಉಳಿಯುತ್ತಿತ್ತು. ಕೊನೆಯ ರಿವರ್ಸ್ 3 ಸೆಂ.ಮೀ. ಜಾಸ್ತಿ ಮಾಡಿದ ಮೇಲೆ ಹತ್ತರಲ್ಲಿ ಏಳಕ್ಕೆ ಬಂತು.

ಸ್ಪರ್ಧೆಯ ದಿನ

ಕೋಚ್ ಒಳಗೆ ಹೋಗುವಂತಿಲ್ಲ. ತಪಾಸಣೆಯಲ್ಲಿ ಏನಾಯಿತು ಅಂತ ಆಮೇಲೆ ಹುಡುಗಿ ಹೇಳಿದ್ದು. ತೀರ್ಪುಗಾರರು ಕಾರು ಎತ್ತಿ ಮಗುಚಿ, "ಹಿಂದೆ ಎಷ್ಟು ಮೋಟಾರ್?" ಅಂತ ಕೇಳಿದರಂತೆ. ಇವಳು ಬಾಯಲ್ಲಿ ಉತ್ತರ ಹೇಳದೆ ಒಂದು ಚಕ್ರವನ್ನು ಬೆರಳಿನಿಂದ ಮುಂದಕ್ಕೆ ತಿರುಗಿಸಿದಳು. ಇನ್ನೊಂದು ಚಕ್ರ ಹಿಂದಕ್ಕೆ ತಿರುಗಿತು. ಡಿಫರೆನ್ಷಿಯಲ್ ಇದ್ದು ಮೋಟಾರ್ ಅಲುಗಾಡದಿದ್ದರೆ ಹಾಗೇ ಆಗುವುದು. ಅವರು ತಲೆಯಾಡಿಸಿ ಪೆಟ್ಟಿಗೆ ಅಳತೆಗೆ ಕಳಿಸಿದರಂತೆ.

ಮೊದಲ ಪಂದ್ಯದ ಎರಡೂ ಓಟ ಮುಗಿಸಿದೆವು. ಎರಡನೇ ಪಂದ್ಯದಲ್ಲಿ ಒಂದು ಓಟದಲ್ಲಿ ಹಸಿರು ಕಂಬವೊಂದು ವೃತ್ತದಿಂದ ಆಚೆ ಹೋಯಿತು. ಇನ್ನೊಂದರಲ್ಲಿ ಮೂರು ಸುತ್ತೂ ಸರಿ ಹೋಗಿ ಪಾರ್ಕಿಂಗ್ ಒಳಗೂ ಹೋಯಿತು, ಆದರೆ ಚಕ್ರದ ವ್ಯತ್ಯಾಸ 2.5 ಸೆಂ.ಮೀ. ಮಕ್ಕಳು ವಾದ ಮಾಡಲಿಲ್ಲ. ಚಿಕ್ಕವನು ಅಲ್ಲೇ ನೋಟ್‌ಬುಕ್ ತೆಗೆದು ಅಂಕಿ ಬರೆದುಕೊಂಡ. ಮುಂದಿನ ಸುತ್ತಿಗೆ ಹೋಗಲು ಅಂಕ ಸಾಲಲಿಲ್ಲ.

ಖರ್ಚಿನಲ್ಲಿ ವ್ಯರ್ಥ ಆದದ್ದು ₹2,130: ಮೊದಲ ಅಕ್ರಿಲಿಕ್ 450, ಎರಡು ಎನ್‌20 ಮೋಟಾರ್ 1,300, ಸರಳು ಮತ್ತು ಬೇರಿಂಗ್ 380. ಮೇ 11ರ ಹಸಿರು ಗೆರೆಗಳನ್ನು ಅವತ್ತೇ ಕೂತು ನೋಡಿದ್ದರೆ ಇಷ್ಟೂ ಉಳಿಯುತ್ತಿತ್ತು, ಜೊತೆಗೆ ನಾಲ್ಕು ವಾರ.

ಕಾರು ಈಗ ಮಹಡಿಯ ಕಪಾಟಿನ ಮೇಲಿದೆ. ಹಿಂದಿನ ಚಕ್ರದ ಪಕ್ಕ ಇನ್ನೊಂದು ದೂರ ಅಳೆಯುವ ಸೆನ್ಸರ್ ಕೂರಿಸಬೇಕು, ಆಗ ಪಾರ್ಕಿಂಗ್‌ನಲ್ಲಿ ಎರಡೂ ಚಕ್ರದ ದೂರ ಕಾರಿಗೇ ಗೊತ್ತಾಗುತ್ತದೆ. ಅದಕ್ಕೆ ಬ್ರಾಕೆಟ್ 8 ಮಿ.ಮೀ. ಹೊರಗೆ ಬರುತ್ತದೆ, ಅಗಲ 190 ಆಗಬಹುದು. ಭಾನುವಾರ ಪೆಟ್ಟಿಗೆ ಹಾಕಿ ನೋಡುತ್ತೇವೆ.